ಸಹಿ ಹಾಕಿದ ಮೇಲೆ ಡ್ಯಾಮೇಜ್ ಗೊತ್ತಾದರೆ ಕ್ಲೇಮ್ ಮಾಡಬಹುದಾ?

ನಿಮ್ಮ ಸಮಸ್ಯೆ ಇಷ್ಟು: ಪ್ಯಾಲೆಟ್ ಮೇಲೆ ಮೆಷಿನ್ ಬಂತು, ಡ್ರೈವರ್ ಅವಸರ ಮಾಡಿದ, ಗೋಡೌನ್‌ನಲ್ಲಿದ್ದವರು ಡೆಲಿವರಿ ರಸೀದಿಗೆ ಸಹಿ ಹಾಕಿ ಕಳಿಸಿದರು. ಎರಡು ದಿನ ಬಿಟ್ಟು ಪೆಟ್ಟಿಗೆ ಬಿಚ್ಚಿದರೆ ಒಳಗೆ ಶಾಫ್ಟ್ ಬಾಗಿದೆ. ಟ್ರಾನ್ಸ್‌ಪೋರ್ಟ್‌ನವರು "ಸರಿಯಿದೆ ಅಂತ ಸಹಿ ಮಾಡಿದ್ದೀರಲ್ಲ, ಇನ್ನೇನು" ಅಂದರು. ಬಿಟ್ಟುಬಿಡಬೇಕಾ ಅಂತ ಕೇಳಿದ್ದೀರಿ.

ಬಿಡಬೇಡಿ. ಆದರೆ ಇವತ್ತೇ ಬರವಣಿಗೆಯಲ್ಲಿ ದೂರು ಕೊಡಿ, ಫೋನಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ. ನನ್ನ ಕೆಲಸವೇ ಸರಕು ಕ್ಲೇಮ್‌ಗಳದ್ದು, ಈ "ಸಹಿ ಮಾಡಿದ್ದೀರಲ್ಲ" ಅನ್ನುವ ಮಾತು ಹೆಚ್ಚಾಗಿ ಮೊದಲ ಫೋನಲ್ಲೇ ಬರುತ್ತದೆ. ಅದನ್ನು ಕೇಳಿಯೇ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. ಲಾರಿ ಸಾಗಣೆಯಲ್ಲಿ ಸಾಮಾನ್ಯವಾಗಿ ಆ ಸಹಿಯಿಂದ ಹಕ್ಕು ಹೋಗುವುದಿಲ್ಲ. ಡ್ಯಾಮೇಜ್ ದಾರಿಯಲ್ಲೇ ಆಯಿತು, ನಿಮ್ಮ ಗೋಡೌನ್‌ನಲ್ಲಿ ಅಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ, ಅಷ್ಟೆ.

ಹಾಗಾಗಿ ಮೊದಲು ಆ ಪೆಟ್ಟಿಗೆಯನ್ನು ಇದ್ದಲ್ಲೇ ಇರಲು ಬಿಡಿ. ಥರ್ಮಾಕೋಲ್, ಪಟ್ಟಿ, ಮುರಿದ ಮರದ ಚೂರು, ಯಾವುದನ್ನೂ ಎಸೆಯಬೇಡಿ. ಜನ ಮೆಷಿನ್ ಫೋಟೋ ತೆಗೆದು ಪ್ಯಾಕಿಂಗನ್ನು ಕಸಕ್ಕೆ ಹಾಕುತ್ತಾರೆ, ಆಮೇಲೆ ಎದುರಿನವರು "ಪ್ಯಾಕಿಂಗೇ ಸರಿಯಿರಲಿಲ್ಲ" ಅಂದರೆ ಉತ್ತರ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಕಳಿಸಿದವರ ಪ್ಯಾಕಿಂಗ್ ಕೆಟ್ಟದಾಗಿತ್ತು ಅನ್ನುವುದು ಸಾಗಣೆಯವರ ಅತ್ಯಂತ ಹಳೆಯ ವಾದ, ಅದು ನಿಜವಾಗಿದ್ದರೆ ಕಾನೂನೂ ಅವರ ಕಡೆಗೇ ಇರುತ್ತದೆ. ಪೆಟ್ಟಿಗೆಯ ಆರೂ ಮುಖದ ಫೋಟೋ ಬೇಕು, ಲೇಬಲ್ ಕಾಣುವ ಹಾಗೆ ಒಂದು ಬೇಕು. ಹೊರಗಿನ ಪೆಟ್ಟು ಮತ್ತು ಒಳಗೆ ಬಾಗಿದ ಜಾಗ ಒಂದೇ ನೇರದಲ್ಲಿದೆ ಅಂತ ತೋರಿಸುವ ಒಂದು ಫೋಟೋ ಸಿಕ್ಕರೆ ಅದು ಹತ್ತು ಪುಟದ ಪತ್ರಕ್ಕಿಂತ ಮೇಲು. ಶಾಕ್ ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನೂ ನೋಡಿ. ಅದು ಕೆಂಪಾಗಿದ್ದರೆ ದೊಡ್ಡ ಪೆಟ್ಟು ಬಿದ್ದಿದೆ ಅಂತ ಗೊತ್ತಾಗುತ್ತದೆ, ಮೆಷಿನ್ ಹಾಳಾಗಿದ್ದು ಅದರಿಂದಲೇ ಅಂತ ಸಾಬೀತಾಗುವುದಿಲ್ಲ.

ಆಮೇಲೆ ಒಂದು ಇಮೇಲ್. ಚಿಕ್ಕದಾಗಿರಲಿ: ಬಿಲ್ಟಿ (ಸಾಗಣೆಯವರು ಕೊಡುವ ಸರಕಿನ ರಸೀದಿ) ನಂಬರ್, ಡೆಲಿವರಿ ಆದ ದಿನ, ಬಿಚ್ಚಿದ ದಿನ, ಏನು ಕಂಡಿತು, "ನೀವು ಬಂದು ನೋಡಿಕೊಂಡು ಹೋಗಿ, ಇಂಥ ದಿನದವರೆಗೆ ಮಾಲನ್ನು ಮುಟ್ಟುವುದಿಲ್ಲ" ಅನ್ನುವ ಒಂದು ಸಾಲು. ಅವರು ಬರದಿದ್ದರೆ ಬರಲಿಲ್ಲ ಅನ್ನುವುದೂ ದಾಖಲೆಯೇ. ಮೊತ್ತ ಇನ್ನೂ ಗೊತ್ತಿಲ್ಲ ಅಂತ ಕಾಯಬೇಡಿ, ನೋಟಿಸ್ ಬೇರೆ, ಲೆಕ್ಕದ ಕ್ಲೇಮ್ ಬೇರೆ. ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ರಿಪೇರಿ ಕೊಟೇಶನ್ ಎಲ್ಲ ಆಮೇಲೆ ಸೇರಿಸಬಹುದು.

ಅವಸರ ಯಾಕೆ ಅಂದರೆ ಗಡುವು. ಗಡಿ ದಾಟಿ ಲಾರಿಯಲ್ಲಿ ಹೋಗುವ ಸರಕಿಗೆ ಯುರೋಪ್ ಮತ್ತು ಅದರ ಸುತ್ತಮುತ್ತ ಸಿಎಂಆರ್ ಅಂತ 1956ರ ಒಪ್ಪಂದ ಇದೆ. ಅದರಲ್ಲಿ ಹೊರಗೆ ಕಾಣದ ಡ್ಯಾಮೇಜ್‌ಗೆ ಭಾನುವಾರ, ರಜಾದಿನ ಬಿಟ್ಟು 7 ದಿನ. ಹಡಗಿನ ಸರಕಿಗೆ ಹೇಗ್-ವಿಸ್ಬಿ ನಿಯಮ ಅನ್ವಯಿಸಿದರೆ 3 ದಿನ. ಇವೆರಡರಲ್ಲೂ ದಿನ ಮೀರಿದರೆ ಮಾಲು ಸರಿಯಾಗಿ ತಲುಪಿತು ಅಂತ ಮೇಲ್ನೋಟಕ್ಕೆ ಒಪ್ಪಿಕೊಳ್ಳುತ್ತಾರೆ, ನೀವು ಬೇರೆ ಸಾಕ್ಷಿ ತಂದು ಅದನ್ನು ಅಲ್ಲಗಳೆಯಬಹುದು. ವಿಮಾನದ ಸರಕು ಹಾಗಲ್ಲ. ಮಾಂಟ್ರಿಯಲ್ ಒಪ್ಪಂದದಲ್ಲಿ 14 ದಿನದೊಳಗೆ ಲಿಖಿತ ದೂರು ಕೊಡದಿದ್ದರೆ, ವಿಮಾನದವರು ಮೋಸ ಮಾಡಿದ್ದರೆ ಹೊರತು, ಕೇಸೇ ನಿಲ್ಲುವುದಿಲ್ಲ. ದೇಶದ ಒಳಗಿನ ಸಾಗಣೆಗೆ ಆಯಾ ದೇಶದ ಕಾನೂನು, ಜೊತೆಗೆ ಬಿಲ್ಟಿಯ ಹಿಂದೆ ಇರುವೆ ಸಾಲಿನ ಹಾಗೆ ಅಚ್ಚಾಗಿರುವ ಷರತ್ತು. ಕಣ್ಣಿಗೆ ನೋವಾದರೂ ಅದನ್ನು ಓದಿ.

ಈಗ ದುಡ್ಡಿನ ವಿಷಯ, ಇಲ್ಲೇ ಜನಕ್ಕೆ ಜಾಸ್ತಿ ನಿರಾಸೆ ಆಗುವುದು. ಮೆಷಿನ್ನಿನ ಪೂರ್ತಿ ಬೆಲೆ ಸಾಗಣೆಯವರಿಂದ ಬರುತ್ತದೆ ಅಂದುಕೊಂಡಿದ್ದರೆ ಮರೆತುಬಿಡಿ. ಈ ಒಪ್ಪಂದಗಳಲ್ಲಿ ಪರಿಹಾರಕ್ಕೆ ಮಿತಿ ಇದೆ, ಹೆಚ್ಚಾಗಿ ತೂಕದ ಮೇಲೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್‌ಡಿಆರ್ ಅನ್ನುವ ಲೆಕ್ಕದ ಮಾನದಲ್ಲಿ ಅದನ್ನು ಹೇಳುತ್ತಾರೆ. 400 ಕಿಲೋ ಮೆಷಿನ್ ಪೂರ್ತಿ ಹಾಳಾಯಿತು ಅಂದುಕೊಳ್ಳಿ. ಸಿಎಂಆರ್‌ನಲ್ಲಿ ಕಿಲೋಗೆ 8.33, ಅಂದರೆ ಹೆಚ್ಚೆಂದರೆ 3332 ಎಸ್‌ಡಿಆರ್. ಹಡಗಿನಲ್ಲಿ ಒಂದು ಪ್ಯಾಕೇಜಿಗೆ 666.67 ಅಥವಾ ಕಿಲೋಗೆ 2, ಯಾವುದು ಜಾಸ್ತಿಯೋ ಅದು, ಅಂದರೆ ಬರೀ 800. ವಿಮಾನದಲ್ಲಿ 2024ರ ಡಿಸೆಂಬರ್ 28ರಿಂದ ಕಿಲೋಗೆ 26, ಅದಕ್ಕೆ ಮೊದಲು 22 ಇತ್ತು, ಈಗ 10400 ಆಗುತ್ತದೆ. ಅದೇ ಮೆಷಿನ್, ಅದೇ ಪೆಟ್ಟು! ಕಳಿಸುವಾಗಲೇ ಬೆಲೆ ಘೋಷಿಸಿ, ಬೇಕಾದರೆ ಹೆಚ್ಚು ಬಾಡಿಗೆ ಕೊಟ್ಟು, ಬಿಲ್ಟಿಯಲ್ಲಿ ಬರೆಸಿದ್ದರೆ ಈ ಮಿತಿ ಮೇಲೇರುತ್ತದೆ. ಚಿಕ್ಕದು, ಹಗುರ, ದುಬಾರಿ ಅನ್ನುವ ಮಾಲಿಗೆ ಸಾಗಣೆಯವರನ್ನು ನಂಬಿ ಕೂರುವುದು ನನ್ನ ಪ್ರಕಾರ ಹುಚ್ಚುತನ, ಸರಕು ವಿಮೆ ಇರುವುದೇ ಅದಕ್ಕೆ.

ವಿಮೆ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಅವರಿಗೂ ಇವತ್ತೇ ತಿಳಿಸಿ, ಆದರೆ ಸಾಗಣೆಯವರಿಗೆ ನೋಟಿಸ್ ಕೊಡುವುದನ್ನು ನಿಲ್ಲಿಸಬೇಡಿ. ವಿಮೆಯವರು ನಿಮಗೆ ಕೊಟ್ಟು, ನಿಮ್ಮ ಜಾಗದಲ್ಲಿ ನಿಂತು ಸಾಗಣೆಯವರಿಂದ ವಸೂಲಿ ಮಾಡುತ್ತಾರೆ. ಆ ದಾರಿಯನ್ನು ನೀವೇ ಮುಚ್ಚಿದ್ದರೆ ನಿಮ್ಮ ಕ್ಲೇಮಿಗೂ ತೊಂದರೆ. ಮೆಷಿನ್ನನ್ನು ಗುಜರಿಗೆ ಹಾಕಬೇಡಿ, ರಿಪೇರಿ ಆಗುತ್ತಾ ನೋಡಿ, ಉಳಿದ ಬಿಡಿಭಾಗಕ್ಕೆ ಬೆಲೆ ಇದ್ದರೆ ಅದನ್ನು ಕಳೆದೇ ಮೊತ್ತ ಕೇಳಿ. ಉಬ್ಬಿಸಿದ ಲೆಕ್ಕವನ್ನು ಅವರು ಒಂದೇ ನೋಟದಲ್ಲಿ ಹಿಡಿಯುತ್ತಾರೆ.

ಸಿಟ್ಟಿನಲ್ಲಿ ಸಾಗಣೆಯ ಬಾಡಿಗೆ ತಡೆಹಿಡಿಯುವುದೂ ಸಾಮಾನ್ಯ. ಎಷ್ಟೋ ಕಡೆ ಬಾಡಿಗೆಯಿಂದ ಕ್ಲೇಮ್ ಕಳೆಯುವ ಹಾಗಿಲ್ಲ, ಆಮೇಲೆ ಕೇಸು ಅವರೇ ನಿಮ್ಮ ಮೇಲೆ ಹಾಕುತ್ತಾರೆ.

ಅಂದ ಹಾಗೆ, ಮುಂದಿನ ಸಲ ಸಹಿ ಹಾಕುವವರಿಗೆ ಒಂದು ಮಾತು ಹೇಳಿ. "ಪರಿಶೀಲನೆಗೆ ಒಳಪಟ್ಟು" ಅಂತ ಬರೆದರೆ ಸಾಕು ಅಂತ ಎಲ್ಲರೂ ನಂಬಿದ್ದಾರೆ, ಅದಕ್ಕೆ ಅಂಥ ಬೆಲೆ ಏನೂ ಇಲ್ಲ. "3ನೇ ಪೆಟ್ಟಿಗೆ, ಬಲಗಡೆ ಮೂಲೆ ಒಡೆದಿದೆ, ಒಳಗೆ ಶಬ್ದ ಬರುತ್ತಿದೆ" ಅಂತ ಕಂಡಿದ್ದನ್ನು ಕಂಡ ಹಾಗೆ ಬರೆದು, ಡ್ರೈವರ್ ಸಹಿಯನ್ನೂ ಪಡೆದು, ಫೋಟೋ ಇಟ್ಟುಕೊಳ್ಳಬೇಕು. ಡ್ರೈವರ್ ಗೊಣಗಿದರೆ ಗೊಣಗಲಿ. ಮಾಲನ್ನೇ ವಾಪಸ್ ಕಳಿಸುವುದು ಕೊನೆಯ ದಾರಿ, ಅದು ಅವರ ಗೋಡೌನಲ್ಲಿ ಕೂತಿರುತ್ತದೆ, ಅದರ ಬಾಡಿಗೆ ಮೀಟರ್ ನಿಮ್ಮ ಹೆಸರಲ್ಲೇ ಓಡಬಹುದು.

ಅವರು ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನ ಮೇಲೆ ಅಂತ ಬರವಣಿಗೆಯಲ್ಲೇ ಕೇಳಿ. ಕೇಸು ಹಾಕಲು ಸಿಎಂಆರ್‌ನಲ್ಲೂ ಹಡಗಿನಲ್ಲೂ ಸಾಮಾನ್ಯವಾಗಿ 1 ವರ್ಷ, ವಿಮಾನಕ್ಕೆ 2 ವರ್ಷ. "ನೋಡ್ತಾ ಇದ್ದೀವಿ ಸಾರ್" ಅನ್ನುವ ಇಮೇಲ್‌ಗಳಲ್ಲೇ ಆ ವರ್ಷ ಕಳೆದುಹೋಗುತ್ತದೆ, ಕೊನೆಯ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.