ಚಕ್ರದಿಂದ ಆಗಾಗ ಕೇಳುವ ಕೀರಲು ಸದ್ದು: ಕಾರಣವನ್ನು ಪತ್ತೆಹಚ್ಚುವುದು ಹೇಗೆ?

ಬದಿಯಡ್ಕದಿಂದ ಕುಂಬಳೆಗೆ ಹೋಗುವಾಗ ಕಾರಿನ ಮುಂದಿನ ಚಕ್ರ ಒಮ್ಮೊಮ್ಮೆ ಕೀರಲುತ್ತದೆ, ಮೆಕ್ಯಾನಿಕ್ ನೋಡುವಾಗ ಮಾತ್ರ ಸದ್ದಿರುವುದಿಲ್ಲ ಎಂದಿದ್ದೀರಿ. ಇಂಥ ಸದ್ದು ಯಾವಾಗ ನಿಲ್ಲುತ್ತದೆ ಎಂಬುದನ್ನೇ ಮೊದಲು ಗಮನಿಸಬೇಕು.

ಬ್ರೇಕನ್ನು ಮೆಲ್ಲನೆ ಒತ್ತಿದಾಗ ಸದ್ದು ನಿಂತು, ಕಾಲು ತೆಗೆದೊಡನೆ ಮರಳಿದರೆ, ಚಕ್ರದೊಡನೆ ತಿರುಗುವ ಲೋಹದ ಬಿಲ್ಲೆಯನ್ನು (ಡಿಸ್ಕ್) ಒತ್ತಿಹಿಡಿಯುವ ಬ್ರೇಕ್ ಪ್ಯಾಡ್ ಸವೆದು, ಸವೆತವನ್ನು ತಿಳಿಸಲೆಂದೇ ಅದರಲ್ಲಿರುವ ಸೂಚಕ ತಗಡು ಡಿಸ್ಕಿಗೆ ತಾಗುತ್ತಿರುವ ಸಂಭವ ಹೆಚ್ಚು. ಪ್ಯಾಡಿನ ಘರ್ಷಣ ಪದರ 3 ಮಿಲಿಮೀಟರಿಗಿಂತ ತೆಳ್ಳಗಾಗಿದ್ದರೆ ಎಡಬಲ ಎರಡೂ ಚಕ್ರಗಳ ಪ್ಯಾಡುಗಳನ್ನು ಒಟ್ಟಿಗೆ ಬದಲಿಸಿ. ಪ್ಯಾಡ್ ದಪ್ಪವಾಗಿಯೇ ಇದ್ದರೆ, ಡಿಸ್ಕಿಗೂ ಅದರ ಹಿಂದೆ ಧೂಳು ತಡೆಯಲು ಇರುವ ತಗಡಿಗೂ ನಡುವೆ ಮುರಕಲ್ಲಿನ ಹರಳು ಸಿಲುಕಿದೆಯೇ ನೋಡಿ. ನಮ್ಮ ಕಡೆಯ ಮಣ್ಣುರಸ್ತೆಗಳಲ್ಲಿ ಇದು ಆಗುವಂಥದ್ದೇ, ಕಾರನ್ನು ತುಸು ಹಿಂದಕ್ಕೆ ಓಡಿಸಿದಾಗ ಅದು ಉದುರುವುದೂ ಉಂಟು. ಮಳೆಗಾಲದ ಬೆಳಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಮಾತ್ರ ಕೇಳುವ ಸದ್ದು ಸಾಮಾನ್ಯವಾಗಿ ಡಿಸ್ಕಿನ ಮೇಲಿನ ತೆಳು ತುಕ್ಕಿನದು, ಚಿಂತೆ ಬೇಡ.

ದೂರ ಓಡಿದ ಮೇಲೆಯೇ ಸದ್ದು ಶುರುವಾಗಿ, ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ (ಮುಟ್ಟಬೇಡಿ, ಅಂಗೈಯನ್ನು ಹತ್ತಿರ ಹಿಡಿದರೆ ಸಾಕು) ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಬಿಗಿದುಕೊಂಡಿರಬಹುದು; ಕಡಲ ಗಾಳಿಯ ಊರಿನಲ್ಲಿ ಇದನ್ನು ಅಲಕ್ಷಿಸಲೇಬಾರದು. ಬ್ರೇಕಿಗೆ ಸಂಬಂಧವಿಲ್ಲದೆ, ವೇಗದೊಂದಿಗೆ ಏರುತ್ತ ತಿರುವಿನಲ್ಲಿ ಬದಲಾಗುವ ಸದ್ದಾದರೆ ಚಕ್ರ ಸರಾಗವಾಗಿ ತಿರುಗಲು ಅದರ ನಡುವೆ ಇರುವ ಬೇರಿಂಗನ್ನು ಕೂಡಲೇ ಪರೀಕ್ಷಿಸಿ.