ಲಿಟಲ್ ಮೋರ್ಟನ್ ಹಾಲ್ ವಾಲಿರುವುದು ಯಾಕೆ?

ಇಂಗ್ಲೆಂಡಿನ ಚೆಷೈರ್‌ನಲ್ಲಿರುವ ಲಿಟಲ್ ಮೋರ್ಟನ್ ಹಾಲ್ ಎಂಬ ಹಳೆಯ ಮರದ ಚೌಕಟ್ಟಿನ ದೊಡ್ಡ ಮನೆ ಯಾಕಿಷ್ಟು ಸೊಟ್ಟಗಿದೆ, ಎಷ್ಟು ಸಲ ಮಾರಾಟವಾಗಿದೆ ಎಂದು ಕೇಳಿದ್ದೀರಿ.

ಮುಖ್ಯ ಕಾರಣ ತಲೆಯ ಮೇಲಿನ ಭಾರ. ಗೋಡೆಗಳು ಭಾರ ಹೊರುವ ಗೋಡೆಗಳಲ್ಲ. ಓಕ್ ಮರದ ಕಂಬ, ತೊಲೆಗಳ ಚೌಕಟ್ಟೇ ಎಲ್ಲವನ್ನೂ ಹೊರುತ್ತದೆ, ನಡುವಿನ ಜಾಗವನ್ನು ಸುಮ್ನೆ ತುಂಬಿದ್ದಾರೆ ಅಷ್ಟೆ. ದಕ್ಷಿಣ ಭಾಗದಲ್ಲಿ ಮೇಲಂತಸ್ತಿನ ಉದ್ದಕ್ಕೂ ಒಂದು ದೊಡ್ಡ ಪಡಸಾಲೆ ಇದೆ. ಅದರ ಚಾವಣಿಗೆ ಹೊದಿಸಿರುವುದು ಹಂಚಲ್ಲ, ಕಲ್ಲಿನ ಚಪ್ಪಡಿ! ಆ ತೂಕಕ್ಕೆ ಕೆಳಗಿನ ಮರ ಬಗ್ಗಿದೆ. ಒಳಗೆ ನೆಲ ಕೂಡ ಅಲೆಯಂತೆ ಏರಿಳಿಯುತ್ತದೆ. ಚಂದ ಕಾಣಲಿ ಎಂಬ ಆಸೆ ಬಡಗಿಯ ಲೆಕ್ಕವನ್ನು ಮೀರಿತು ಅಂತ ನನಗನಿಸುತ್ತದೆ. ಬಡಗಿಗಳು ಮಾತ್ರ ಗಟ್ಟಿಗರೇ. ಅಂಗಳದ ಕಿಟಕಿಗಳ ಮೇಲೆ ರಿಚರ್ಡ್ ಡೇಲ್ ಎಂಬ ಬಡಗಿ 1559ರಲ್ಲಿ ತನ್ನ ಹೆಸರನ್ನೇ ಕೆತ್ತಿದ್ದಾನೆ.

ಮಾರಾಟದ ಕಥೆ ಇಲ್ಲವೇ ಇಲ್ಲ. 1500ರ ದಶಕದ ಆರಂಭದಿಂದ ಸುಮಾರು 1610ರವರೆಗೆ ಮೋರ್ಟನ್ ಮನೆತನ ಇದನ್ನು ಹಂತಹಂತವಾಗಿ ಕಟ್ಟಿಸಿತು. 1640ರ ದಶಕದ ಅಂತರ್ಯುದ್ಧದಲ್ಲಿ ರಾಜನ ಪಕ್ಷ ಹಿಡಿದು ಸಾಲದಲ್ಲಿ ಮುಳುಗಿತು. ಆಮೇಲೆ ಮನೆಯನ್ನು ಗೇಣಿದಾರರಿಗೆ ಕೊಟ್ಟರು. ದುಡ್ಡಿಲ್ಲದ್ದೇ ಒಳ್ಳೆಯದಾಯಿತು, ಯಾರೂ ಕೆಡವಿ ಹೊಸದು ಕಟ್ಟಲಿಲ್ಲ ಅಲ್ವಾ? ಕೊನೆಗೆ ಮನೆತನದ ಎಲಿಜಬೆತ್ ಮೋರ್ಟನ್ ಎಂಬ ಸನ್ಯಾಸಿನಿಯಿಂದ ಬಂಧುವೊಬ್ಬರಿಗೆ ಬಂತು. 1938ರಲ್ಲಿ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು.

ಅಂದಹಾಗೆ, ಈ ಮನೆಗೆ ಈಗಿರುವ ಕಪ್ಪು-ಬಿಳುಪು ಬಣ್ಣ ವಿಕ್ಟೋರಿಯಾ ಕಾಲದ ಫ್ಯಾಷನ್. ಮೊದಲು ಮರಕ್ಕೆ ಬಣ್ಣ ಬಳಿಯದೆ ಹಾಗೆಯೇ ಬಿಟ್ಟಿದ್ದರು.