ಪ್ರತಿಕ್ರಿಯೆ: ಉಪಕಾರಿ ಶಿಲೀಂಧ್ರವನ್ನು ಬೇರು ಒಳಗೆ ಬಿಟ್ಟುಕೊಳ್ಳುವುದರಲ್ಲಿ ಆರ್‌ಎನ್‌ಎ ಪಾತ್ರ

ರೋಗಕಾರಕ ಶಿಲೀಂಧ್ರವನ್ನು ತಡೆಯುವ ಸಸ್ಯವು ಉಪಕಾರಿ ಶಿಲೀಂಧ್ರವನ್ನು ಬೇರಿನೊಳಗೆ ಹೇಗೆ ಸಹಿಸಿಕೊಳ್ಳುತ್ತದೆ, ಇದರಲ್ಲಿ ಆರ್‌ಎನ್‌ಎಗೆ ನಿಜವಾಗಿಯೂ ಪಾತ್ರವಿದೆಯೇ ಎಂದು ತಾವು ಕೇಳಿದ್ದೀರಿ. ಪಾತ್ರವಿದೆ, ಆದರೆ ಅದೊಂದೇ ಕಾರಣವಲ್ಲ.

ಇಲ್ಲಿ ಕೆಲಸ ಮಾಡುವುದು ಸುಮಾರು 20ರಿಂದ 24 ನ್ಯೂಕ್ಲಿಯೋಟೈಡ್‌ಗಳಷ್ಟು (ಆರ್‌ಎನ್‌ಎ ಸರಪಳಿಯ ಕೊಂಡಿಗಳಷ್ಟು) ಉದ್ದದ ಕಿರು ಆರ್‌ಎನ್‌ಎಗಳು. ಇವು ಆರ್ಗೊನಾಟ್ ಎಂಬ ಪ್ರೋಟೀನಿನೊಂದಿಗೆ ಸೇರಿ, ತಮಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಯನ್ನು (ವಂಶವಾಹಿಯ ಸೂಚನೆಯನ್ನು ಪ್ರೋಟೀನ್ ತಯಾರಿಕೆಗೆ ಒಯ್ಯುವ ಅಣುವನ್ನು) ಗುರುತಿಸಿ, ಆ ವಂಶವಾಹಿಯ ಕೆಲಸವನ್ನು ತಡೆಯುತ್ತವೆ. ಬೊಟ್ರೈಟಿಸ್ ಎಂಬ ರೋಗಕಾರಕ ಶಿಲೀಂಧ್ರವು ಇಂಥ ಆರ್‌ಎನ್‌ಎಗಳನ್ನು ಸಸ್ಯದ ಜೀವಕೋಶಕ್ಕೆ ಕಳಿಸಿ ಅದರ ರಕ್ಷಣೆಯನ್ನು ಕುಗ್ಗಿಸುತ್ತದೆಂದು 2013ರಲ್ಲಿ ಪ್ರಕಟವಾಯಿತು. ಉಪಕಾರಿ ಶಿಲೀಂಧ್ರವೂ ಇದೇ ದಾರಿ ಹಿಡಿಯುತ್ತದೆ ಎಂಬುದಕ್ಕೆ ನನಗೆ ಅತ್ಯಂತ ಮನವರಿಕೆಯಾದ ಸಾಕ್ಷ್ಯ ನೀಲಗಿರಿ ಮರದ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ: ಪೈಸೊಲಿಥಸ್ ಎಂಬ ಉಪಕಾರಿ ಶಿಲೀಂಧ್ರದ ಒಂದು ಮೈಕ್ರೋಆರ್‌ಎನ್‌ಎ (ಕಿರು ಆರ್‌ಎನ್‌ಎಗಳ ಒಂದು ಬಗೆ) ಬೇರಿನ ಜೀವಕೋಶಗಳನ್ನು ಪ್ರವೇಶಿಸುತ್ತದೆ, ರೋಗನಿರೋಧಕ ಗ್ರಾಹಕಗಳ ವರ್ಗಕ್ಕೆ ಸೇರಿದ ವಂಶವಾಹಿಗಳನ್ನು ಗುರಿಯಾಗಿಸುತ್ತದೆ, ಮತ್ತು ಅದನ್ನು ಪ್ರಯೋಗದಲ್ಲಿ ತಡೆದಾಗ ಬೇರಿನೊಳಗೆ ಶಿಲೀಂಧ್ರದ ಹರಡುವಿಕೆಯೇ ಕುಗ್ಗುತ್ತದೆ. ಕೇವಲ ಕಂಪ್ಯೂಟರ್ ಲೆಕ್ಕಾಚಾರದಿಂದ ಊಹಿಸಿದ ಗುರಿಗಳಿಗಿಂತ ಇಂಥ ತಡೆಯುವ ಪ್ರಯೋಗಕ್ಕೆ ಹೆಚ್ಚಿನ ಬೆಲೆ ಕೊಡಬೇಕು.

ವಿರುದ್ಧ ದಿಕ್ಕಿನಲ್ಲಿಯೂ ಈ ಸಾಗಾಟ ಸಾಧ್ಯ. ಮೆಡಿಕಾಗೊ ಎಂಬ ದ್ವಿದಳ ಸಸ್ಯದ ಬೇರಿನಲ್ಲಿ ತಯಾರಾಗುವಂತೆ ಮಾಡಿದ ಆರ್‌ಎನ್‌ಎಯು ಅರ್ಬಸ್ಕ್ಯುಲರ್ ಮೈಕೊರೈಜಾ ಶಿಲೀಂಧ್ರದ (ಬೇರಿನ ಜೀವಕೋಶದೊಳಗೆ ಕವಲೊಡೆದು ಸಸ್ಯದೊಂದಿಗೆ ಸಹಜೀವನ ನಡೆಸುವ ಶಿಲೀಂಧ್ರದ) ಸಕ್ಕರೆ ಸಾಗಿಸುವ ವಂಶವಾಹಿಯನ್ನು ಅಡಗಿಸಿದಾಗ, ಪೋಷಕಾಂಶ ವಿನಿಮಯದ ಕವಲುರಚನೆಗಳು ಸರಿಯಾಗಿ ರೂಪುಗೊಳ್ಳಲಿಲ್ಲ.

ಆದರೆ ಈ ಅರ್ಬಸ್ಕ್ಯುಲರ್ ಮೈಕೊರೈಜಾ ಸಂಬಂಧದಲ್ಲಿ ಮೊದಲ ಪರಿಚಯ ರಾಸಾಯನಿಕಗಳ ಮೂಲಕವೇ ಆಗುತ್ತದೆ: ಬೇರು ಸ್ಟ್ರಿಗೊಲ್ಯಾಕ್ಟೋನ್‌ಗಳೆಂಬ ಸಸ್ಯ ಹಾರ್ಮೋನುಗಳನ್ನು ಸ್ರವಿಸುತ್ತದೆ, ಶಿಲೀಂಧ್ರವು ಕೈಟಿನ್ (ಶಿಲೀಂಧ್ರದ ಕೋಶಭಿತ್ತಿಯ ವಸ್ತು) ಮೂಲದ ಸಣ್ಣ ಅಣುಗಳಿಂದ ಉತ್ತರಿಸುತ್ತದೆ. ಆದ್ದರಿಂದ ತಮ್ಮ ಓದನ್ನು ಈ ರಾಸಾಯನಿಕ ಸಂಕೇತಗಳಿಂದಲೇ ಆರಂಭಿಸುವುದು ಒಳ್ಳೆಯದು.